ತಗ್ಗಿನಿಂದ ದಿಣ್ಣೆಗೆ ಹರಿಯುವ ನೀರು

ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ವಾರ ಮೇಷ್ಟ್ರಾದವನು ಬಸ್ ನಿಲ್ದಾಣದಲ್ಲಿ ನಿಂತರೂ ಸರಿ, ಸಂತೆಯಲ್ಲಿ ನಿಂತರೂ ಸರಿ, ಪಾಲಕರ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಕಡೆ ಒಂದು ಕಾಲಕ್ಕೆ ಈ ಪ್ರಶ್ನೆ ‘ಟಿ.ಸಿ.ಎಚ್.ಗೆ ಹಾಕೋಣವೇ, ಡಿಪ್ಲೊಮಾಗೆ ಹಾಕೋಣವೇ’ ಎಂದಿರುತ್ತಿತ್ತು. ಈಗ ‘ಸಾರ್, ಮಗಳನ್ನು ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿಸಿದರೆ ಫಾರಿನ್‌ಗೆ ಹೋಗಬಹುದಂತಲ್ಲ, ನಿಜವೇ?’ ಎಂದು ಕೇಳುತ್ತಾರೆ. ಕೇಳುವವರೇನೂ ದುರಾಸೆಯವರಲ್ಲ. ನಾಲ್ಕು ಎಕರೆ ತೆಂಗಿನ ತೋಟ ನುಸಿಪೀಡೆಗೂ ಬರಕ್ಕೂ ಸಿಕ್ಕಿ ಅರ್ಧ ಒಣಗಿದ ಮೇಲೆ, ಈರುಳ್ಳಿಯ ಬೆಲೆ ಯಾವ ವರ್ಷ ಏನಾಗುತ್ತದೆಂದು ಹೇಳಲಾಗದೆ ಹೋದ ಮೇಲೆ, ಮಗಳಿಗಾದರೂ ತಿಂಗಳ ಸಂಬಳ ಇರಲಿ ಎಂದು ಬಯಸುವವರು.

ಇದೇ ಜನ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. ಅದನ್ನು ಕೇಳುವುದು ಮನೆಯಲ್ಲಿ ಹೆರಿಗೆಯೋ, ವಯಸ್ಸಾದವರಿಗೆ ಪಾರ್ಶ್ವವಾಯುವೋ ಆದಾಗ. ‘ಅಲ್ಲ ಮೇಷ್ಟ್ರೇ, ಆಸ್ಪತ್ರೆಯ ಕಟ್ಟಡ ಚೆನ್ನಾಗಿದೆ, ಮಂಚ ಇದೆ, ಯಂತ್ರ ಇದೆ. ರಾತ್ರಿ ಹೊತ್ತು ಕೆಲಸ ಗೊತ್ತಿರುವ ಸಿಸ್ಟರ್ ಒಬ್ಬರು ಇರುವುದಿಲ್ಲವಲ್ಲ, ಏಕೆ?’

ಇವು ಎರಡು ಪ್ರಶ್ನೆಗಳೆಂದು ನಾವು ತಿಳಿದಿದ್ದೇವೆ. ನನ್ನ ಮಟ್ಟಿಗೆ ಇದು ಒಂದೇ ಪ್ರಶ್ನೆ, ಎರಡು ತುದಿಯಿಂದ ಕೇಳಿದ್ದು. ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಪ್ರೌಢಶಾಲೆಯ ವಿದ್ಯಾರ್ಥಿಗಳು ವಿಸರಣೆಯ ಪಾಠ ಓದಿರುತ್ತೀರಿ. ಕೋಣೆಯ ಮೂಲೆಯಲ್ಲಿ ಊದುಬತ್ತಿ ಹಚ್ಚಿದರೆ ವಾಸನೆ ಇಡೀ ಕೋಣೆಗೆ ಹರಡುತ್ತದೆ. ಕಣಗಳು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾವಾಗಿಯೇ ಸಾಗುತ್ತವೆ. ಅದಕ್ಕೆ ಯಾರೂ ತಳ್ಳಬೇಕಿಲ್ಲ. ಜನರ ವಿಷಯದಲ್ಲಿಯೂ ಹೀಗೇ ಆಗಬೇಕಿತ್ತು. ದಾದಿಯರು ಹೆಚ್ಚಾಗಿರುವ ದೇಶದಿಂದ ಕಡಿಮೆ ಇರುವ ದೇಶಕ್ಕೆ ಬರಬೇಕಿತ್ತು. ಆದರೆ ಆಗುತ್ತಿರುವುದು ತದ್ವಿರುದ್ಧ.

ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ದಾದಿಯರ ಕುರಿತ ವರದಿಯಂತೆ ಜಗತ್ತಿನಲ್ಲಿ ಸುಮಾರು 2 ಕೋಟಿ 98 ಲಕ್ಷ ದಾದಿಯರಿದ್ದಾರೆ. ಇನ್ನೂ 58 ಲಕ್ಷ ಮಂದಿ ಬೇಕು. ಇರುವವರಲ್ಲಿ ನೂರಕ್ಕೆ 78 ಮಂದಿ ಕೆಲಸ ಮಾಡುತ್ತಿರುವುದು ಜಗತ್ತಿನ ಜನಸಂಖ್ಯೆಯ ಅರ್ಧದಷ್ಟೂ ಇಲ್ಲದ ದೇಶಗಳಲ್ಲಿ. ಜನಸಂಖ್ಯೆಗೆ ಹೋಲಿಸಿದರೆ ಬಡ ದೇಶಗಳಿಗೂ ಶ್ರೀಮಂತ ದೇಶಗಳಿಗೂ ದಾದಿಯರ ಪ್ರಮಾಣದಲ್ಲಿ ಸುಮಾರು ಹತ್ತು ಪಟ್ಟು ಅಂತರವಿದೆ. ಹೀಗಿದ್ದೂ ಹರಿವು ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೇ. ಶ್ರೀಮಂತ ದೇಶಗಳಲ್ಲಿ ಕೆಲಸ ಮಾಡುವ ದಾದಿಯರಲ್ಲಿ ನೂರಕ್ಕೆ 23 ಮಂದಿ ಬೇರೆ ದೇಶದಲ್ಲಿ ಹುಟ್ಟಿದವರು ಎಂದು ಅದೇ ವರದಿ ಹೇಳುತ್ತದೆ.

ನಿಸರ್ಗದಲ್ಲಿ ಇಂತಹ ವಿರುದ್ಧ ಹರಿವು ಇಲ್ಲವೆಂದಲ್ಲ. ಗಿಡದ ಬೇರು ಮಣ್ಣಿನಲ್ಲಿ ಅತಿ ಕಡಿಮೆ ಇರುವ ಖನಿಜ ಲವಣಗಳನ್ನು ತನ್ನೊಳಗೆ, ಅವು ಈಗಾಗಲೇ ಹೆಚ್ಚಾಗಿರುವ ಜೀವಕೋಶಗಳಿಗೆ, ಎಳೆದುಕೊಳ್ಳುತ್ತದೆ. ಇದನ್ನು ಸಕ್ರಿಯ ಸಾಗಾಣಿಕೆ ಎನ್ನುತ್ತೇವೆ. ಇದಕ್ಕೆ ಶಕ್ತಿ ವ್ಯಯವಾಗುತ್ತದೆ. ಕಡೂರಿನವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ತಗ್ಗಿನ ನೀರು ತಾನಾಗಿ ದಿಣ್ಣೆಗೆ ಹತ್ತುವುದಿಲ್ಲ, ಮೋಟಾರು ಬೇಕು. ಪಕ್ಕದ ತೋಟದವನು ಸಾವಿರ ಅಡಿ ಕೊರೆಸಿ ದೊಡ್ಡ ಮೋಟಾರು ಇಳಿಸಿದರೆ ನಮ್ಮ ಬಾವಿ ಬತ್ತುತ್ತದೆ. ಅವನು ನಮ್ಮ ಬಾವಿಗೆ ಕೈಹಾಕಿಲ್ಲ, ತನ್ನ ಜಮೀನಿನಲ್ಲೇ ಕೊರೆಸಿದ್ದಾನೆ. ಆದರೂ ಬತ್ತಿದ್ದು ನಮ್ಮದೇ. ದಾದಿಯರ ವಲಸೆಯ ಮೋಟಾರು ಎಂದರೆ ಸಂಬಳ.

ಈ ಮೋಟಾರು ಇಂದು ನಿನ್ನೆ ಇಳಿಸಿದ್ದಲ್ಲ. ಬ್ರಿಟನ್ನಿನಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈ 5ರಂದು ಆರಂಭವಾಯಿತು. ಉಚಿತ ಎಂದೊಡನೆ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ಸಾಲಿಗೆ ತಕ್ಕಷ್ಟು ಸಿಬ್ಬಂದಿ ಇರಲಿಲ್ಲ. ವೆಸ್ಟ್ ಇಂಡೀಸ್ ದ್ವೀಪಗಳಿಂದ ದಾದಿಯರನ್ನೂ ಭಾರತ, ಪಾಕಿಸ್ತಾನಗಳಿಂದ ವೈದ್ಯರನ್ನೂ ಕರೆಸಿಕೊಂಡರು. ಅಮೆರಿಕ 1965ರಲ್ಲಿ ವಲಸೆ ಕಾನೂನನ್ನು ಸಡಿಲಿಸಿತು. ಅದೇ ವರ್ಷ ವೃದ್ಧರಿಗೆ ಸರ್ಕಾರಿ ಆರೋಗ್ಯ ವಿಮೆಯನ್ನೂ ತಂದಿತು. ಒಂದು ಕೈಯಲ್ಲಿ ಬಾಗಿಲು ತೆರೆದದ್ದು, ಇನ್ನೊಂದು ಕೈಯಲ್ಲಿ ಕೆಲಸ ಹೆಚ್ಚಿಸಿದ್ದು, ಎರಡೂ ಒಟ್ಟಿಗೆ ಆದವು. 1973ರಲ್ಲಿ ಪೆಟ್ರೋಲಿನ ಬೆಲೆ ಏರಿದ ಮೇಲೆ ಕೊಲ್ಲಿ ದೇಶಗಳು ಮರಳುಗಾಡಿನಲ್ಲಿ ಆಸ್ಪತ್ರೆ ಕಟ್ಟಿದವು. ಕಟ್ಟಡ ಕಟ್ಟಲು ಹೊರಗಿನವರು ಬೇಕಾದಂತೆ ಒಳಗೆ ರೋಗಿಗಳನ್ನು ನೋಡಲೂ ಹೊರಗಿನವರೇ ಬೇಕಾದರು.

ಆ ಕಾಲದ ನಮ್ಮ ಸ್ಥಿತಿ ಹೇಗಿತ್ತು? ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ ಲೆಕ್ಕ ಹಾಕಿದಾಗ ಭಾರತದಲ್ಲಿ 43,000 ಜನರಿಗೆ ಒಬ್ಬ ನರ್ಸ್ ಇದ್ದರು. ಎಂದರೆ ಒಂದು ಇಡೀ ಪಟ್ಟಣಕ್ಕೆ ಒಬ್ಬರೇ. ಅಂದು ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಳಿಸಲು ನಮ್ಮ ಕಡೆಯ ಮೇಲ್ಜಾತಿಯ ಮನೆಗಳು ಒಪ್ಪುತ್ತಿರಲಿಲ್ಲ. ರಕ್ತ, ಮಲಮೂತ್ರ, ರಾತ್ರಿ ಪಾಳಿ, ಪರಪುರುಷರ ಮೈ ಮುಟ್ಟುವುದು. ಮೂಗು ಮುರಿಯಲು ಇಷ್ಟು ಕಾರಣ ಸಾಕಾಗಿತ್ತು. ಆ ಜಾಗ ತುಂಬಿದವರು ಹೊರಗಿನಿಂದ ಬಂದವರೇ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಮರದ ಕೆಳಗೆ ಔಷಧಿ ಕೊಡಲಾರಂಭಿಸಿದ ಫಾದರ್ ಮುಲ್ಲರ್ ಜರ್ಮನಿಯವರು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಆರಂಭಿಸಿದವರು ಹೊರದೇಶದಿಂದ ಬಂದ ಕ್ರೈಸ್ತ ಸನ್ಯಾಸಿನಿಯರು. ಮುಂದೆ ನಮ್ಮ ಬಾಲ್ಯದ ಹೊತ್ತಿಗೆ ಮೈಸೂರು ಸೀಮೆಯ ಯಾವ ಊರಿನ ಆಸ್ಪತ್ರೆಗೆ ಹೋದರೂ ‘ಸಿಸ್ಟರ್’ ಎಂದರೆ ಮಲಯಾಳಿ ಎಂದೇ ಅರ್ಥ. ಕನ್ನಡವನ್ನು ತಮ್ಮದೇ ರಾಗದಲ್ಲಿ ಮಾತಾಡುತ್ತ, ಗದರುತ್ತ, ಚುಚ್ಚುಮದ್ದು ಹಾಕಿದ ಮೇಲೆ ಕೆನ್ನೆ ಸವರುತ್ತಿದ್ದ ಆ ಹೆಂಗಸರ ಕೈಯಲ್ಲಿ ಈ ಜಿಲ್ಲೆಯ ಎಷ್ಟು ಮಕ್ಕಳು ಭೂಮಿಗೆ ಬಂದರೋ ಲೆಕ್ಕವಿಟ್ಟವರಿಲ್ಲ. ವಲಸೆ ಎಂದ ಕೂಡಲೇ ಮುಖ ಗಂಟಿಕ್ಕುವವರು ಇದನ್ನು ನೆನಪಿಡುವುದು ಒಳ್ಳೆಯದು. ನಮ್ಮ ಆಸ್ಪತ್ರೆಗಳು ವಲಸೆ ಬಂದವರಿಂದಲೇ ನಡೆದವು.

ಈಗ ಪಿ.ಯು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಮಾತು. ಅರೆವಾಹಕಗಳ ಪಾಠದಲ್ಲಿ ‘ರಂಧ್ರ’ ಎಂಬುದು ಬರುತ್ತದೆ. ಎಲೆಕ್ಟ್ರಾನ್ ಇರಬೇಕಾದ ಕಡೆ ಇಲ್ಲದಿರುವ ಖಾಲಿ ಜಾಗ ಅದು. ಪಕ್ಕದ ಎಲೆಕ್ಟ್ರಾನ್ ಹಾರಿ ಬಂದು ಆ ಜಾಗವನ್ನು ತುಂಬುತ್ತದೆ, ಆಗ ಅದು ಮೊದಲಿದ್ದ ಜಾಗ ಖಾಲಿಯಾಗುತ್ತದೆ. ಎಲೆಕ್ಟ್ರಾನ್ ಬಲಕ್ಕೆ ಸರಿದರೆ ರಂಧ್ರ ಎಡಕ್ಕೆ ಸರಿದಂತೆ. ಬ್ರಿಟನ್ನಿನಲ್ಲಿ ತರಬೇತಾದ ನರ್ಸ್ ಹೆಚ್ಚಿನ ಸಂಬಳಕ್ಕೆ ಆಸ್ಟ್ರೇಲಿಯಕ್ಕೆ ಹೋದರೆ ಅಲ್ಲೊಂದು ರಂಧ್ರ. ಅದನ್ನು ತುಂಬಲು ಮಸ್ಕತ್‌ನಲ್ಲೋ ರಿಯಾದ್‌ನಲ್ಲೋ ಐದು ವರ್ಷ ಪಳಗಿದ ಭಾರತದ ನರ್ಸ್ ಹೋಗುತ್ತಾರೆ. ಅಲ್ಲಿಗೆ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯವರು. ಆ ಆಸ್ಪತ್ರೆಗೆ ಜಿಲ್ಲಾ ಕೇಂದ್ರದವರು. ಹೀಗೆ ಸಿಡ್ನಿಯಲ್ಲಿ ಹುಟ್ಟಿದ ಖಾಲಿ ಜಾಗ ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದು ಕೊನೆಗೆ ನಿಲ್ಲುವುದು ಇಂಥ ಊರುಗಳಲ್ಲಿ, ಅದೂ ರಾತ್ರಿ ಪಾಳಿಯಲ್ಲಿ. ಇದರಿಂದಾಚೆಗೆ ಅದನ್ನು ತುಂಬಲು ಬರುವವರಿಲ್ಲ.

‘ಒಬ್ಬರು ಹೋದರೆ ಇನ್ನೊಬ್ಬರನ್ನು ನೇಮಿಸಿದರಾಯಿತು, ಪ್ರತಿ ವರ್ಷ ಸಾವಿರಾರು ಮಂದಿ ಪಾಸಾಗುತ್ತಾರಲ್ಲ’ ಎನ್ನುವವರಿದ್ದಾರೆ. ತಲೆ ಎಣಿಸುವವರಿಗೆ ಇದು ಸರಿಯೆಂದು ಕಾಣುತ್ತದೆ. ಹೋಗುವವರು ಯಾರು ಎಂಬುದನ್ನು ನೋಡಿ. ಹೊರದೇಶದ ಆಸ್ಪತ್ರೆಗಳು ನಿನ್ನೆ ಪಾಸಾದವರಿಗಿಂತ ಎರಡು ಮೂರು ವರ್ಷ ಅನುಭವ ಇರುವವರನ್ನು ಬಯಸುತ್ತವೆ. ಎಂದರೆ ಕೈ ಪಳಗುವ ಹೊತ್ತಿಗೆ ಕೈ ಹೊರಡುತ್ತದೆ.

ಕೈ ಪಳಗುವುದೆಂದರೆ ಏನು? ಒಂದೇ ಉದಾಹರಣೆ ಕೊಡುತ್ತೇನೆ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಗಿಲಾದ ರಕ್ತ ಹರಿಯುತ್ತಿರುತ್ತದೆ. ಆಕೆಯ ಮೈಯಲ್ಲಿ ಇರುವ ಒಟ್ಟು ರಕ್ತ ಐದಾರು ಲೀಟರು. ಮಗು ಹುಟ್ಟಿ, ಮಾಸು ಬಿದ್ದ ಮೇಲೆ, ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯುಗಳೇ. ಸ್ನಾಯುವಿನ ಎಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡಿದ್ದು, ಅವು ಬಿಗಿದಾಗ ನಡುವಿನ ನಾಳಗಳು ಹಗ್ಗ ಬಿಗಿದಂತೆ ಹಿಚುಕಿಕೊಂಡು ಮುಚ್ಚುತ್ತವೆ. ಸ್ನಾಯು ಬಿಗಿಯದೆ ಸಡಿಲವಾಗಿ ಉಳಿದರೆ? ಲೆಕ್ಕ ನೀವೇ ಹಾಕಿ. ತರೀಕೆರೆಯಿಂದ ಶಿವಮೊಗ್ಗ ಸುಮಾರು 40 ಕಿ.ಮೀ.; ಕಡೂರಿನಿಂದ ಚಿಕ್ಕಮಗಳೂರೂ ಅಷ್ಟೇ. ಅಜ್ಜಂಪುರದವರಿಗೆ ಇನ್ನೂ ದೂರ. ಆಂಬುಲೆನ್ಸ್ ಬರುವ ಮೊದಲ ಹತ್ತು ನಿಮಿಷದಲ್ಲಿ ಏನಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅನುಭವವಿರುವ ದಾದಿ ಹೆರಿಗೆಯಾದ ಕೂಡಲೇ ಬಾಣಂತಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಾರೆ. ಗರ್ಭಕೋಶ ಸುಲಿದ ತೆಂಗಿನಕಾಯಿಯಂತೆ ಗಟ್ಟಿಯಾಗಿದ್ದರೆ ಸರಿ. ನಾದಿದ ಹಿಟ್ಟಿನಂತೆ ಮೆತ್ತಗಿದ್ದರೆ ತಕ್ಷಣ ಉಜ್ಜುತ್ತಾರೆ, ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ, ಬಟ್ಟೆ ಎಷ್ಟು ತೊಯ್ದಿದೆ ಎಂದು ನೋಡಿ ಹೋದ ರಕ್ತವನ್ನು ಅಂದಾಜು ಮಾಡುತ್ತಾರೆ. ಆ ಆಕ್ಸಿಟೋಸಿನ್ ಕೂಡ ಶೀತಲ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿಯೊಳಗೆ ಇದ್ದರೆ ಮಾತ್ರ ಕೆಲಸ ಮಾಡುವಂಥದ್ದು. ಕರೆಂಟು ಹೋದ ರಾತ್ರಿ ಅದನ್ನು ನೆನಪಿಟ್ಟು ಕಾಯುವವರೂ ಅವರೇ. ಈ ಕೈ ಪುಸ್ತಕದಿಂದ ಬರುವುದಿಲ್ಲ. ನೂರಿನ್ನೂರು ಹೆರಿಗೆ ನೋಡಿದ ಮೇಲೆ ಬರುತ್ತದೆ.

ಇಂಥ ಕೈಯ ಬೆಲೆ ಏನೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಜಗತ್ತು ಗಮನಿಸಿದ ಪುರಾವೆ ಇದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳ ಅಧ್ಯಯನ ನಡೆಸಿದರು. ಹೆರಿಗೆ ಮಾಡಿಸಿದವರು ವೈದ್ಯರಲ್ಲ, ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿಯರು, ನಾವು ಎ.ಎನ್.ಎಂ. ಎನ್ನುವವರು. ಅರ್ಧದಷ್ಟು ಬಾಣಂತಿಯರಿಗೆ ಅವರು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯನ್ನು ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಹುಸಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ 6.4 ಮಂದಿಗೆ. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಎಲ್ಲರೂ ಮಾತ್ರೆಯನ್ನು ಹೊಗಳಿದರು. ಮಾತ್ರೆ ತಾನಾಗಿ ಹಳ್ಳಿಯ ಮನೆಗೆ ನಡೆದುಹೋಗಲಿಲ್ಲ ಎಂಬುದನ್ನು ಹೇಳಿದವರು ಕಡಿಮೆ.

ಹಾಗಾದರೆ ಹೋಗುವವರದು ತಪ್ಪೇ? ನಾನು ಹಾಗೆ ಹೇಳಲಾರೆ. ನನ್ನ ಬಳಿ ಓದಿ ನರ್ಸಿಂಗ್ ಮುಗಿಸಿದ ಹುಡುಗಿಯೊಬ್ಬಳು ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದು ಈಗ ಹೊರದೇಶದಲ್ಲಿದ್ದಾಳೆ. ‘ಸಾರ್, ಅಲ್ಲಿ ರಾತ್ರಿ ಮೂವತ್ತು ರೋಗಿಗಳನ್ನು ಒಬ್ಬಳೇ ನೋಡುತ್ತಿದ್ದೆ. ಇಲ್ಲಿ ಆರೇಳು ಜನ. ರೋಗಿಯ ಜೊತೆ ಮಾತಾಡಲು ಪುರಸೊತ್ತು ಸಿಗುತ್ತದೆ’ ಎಂದಳು. ಸಂಬಳದ ಮಾತು ಆಮೇಲೆ ಬಂತು. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗಳಿಗೆ ಒಬ್ಬ ದಾದಿ ಇರಬೇಕೆಂಬುದು ನಮ್ಮ ಕೇಂದ್ರ ಸರ್ಕಾರವೇ ಬಹಳ ಹಿಂದೆ ಹಾಕಿಕೊಂಡ ಅಳತೆ. ಅದು ಇಲ್ಲಿ ಕಾಗದದಲ್ಲಿದೆ, ಆಕೆಗೆ ಅಲ್ಲಿ ವಾರ್ಡಿನಲ್ಲಿ ಸಿಕ್ಕಿತು.

ಸಂಬಳದ ಕಥೆಯೂ ಹಾಗೆಯೇ. ದಾದಿಯರ ಸಂಘ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ನೀಡಿದ ಆದೇಶದಂತೆ ಒಂದು ಸಮಿತಿ ರಚನೆಯಾಯಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಕೂಡದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ದಾದಿಯಷ್ಟೇ ಕೊಡಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದ ಆಸ್ಪತ್ರೆಗಳು ಎಷ್ಟೆಂಬುದನ್ನು ನಿಮ್ಮ ಬಂಧುಬಳಗದ ದಾದಿಯರನ್ನೇ ಕೇಳಿ ತಿಳಿಯಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಂ ಆದವರಿಗೆ ಸಂಬಳ ಚೆನ್ನಾಗಿದೆ, ನಿಜ. ಆದರೆ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡುವ ಗುತ್ತಿಗೆಯ ದಾದಿಗೆ ವರ್ಷ ವರ್ಷವೂ ಒಪ್ಪಂದ ಮುಂದುವರಿಯುವುದೋ ಇಲ್ಲವೋ ಎಂಬ ಚಿಂತೆ. ಕಾಲೇಜುಗಳನ್ನು ಎಗ್ಗಿಲ್ಲದೆ ತೆರೆದು, ಪಾಸಾದವರಿಗೆ ಕಾಯಂ ಹುದ್ದೆ ತುಂಬದೆ, ಆಮೇಲೆ ‘ಪ್ರತಿಭಾ ಪಲಾಯನ’ ಎಂದು ಭಾಷಣ ಮಾಡುವುದು ನನಗೆ ಸರಿಕಾಣುವುದಿಲ್ಲ. ಮೋಟಾರಿನ ಒಂದು ತುದಿ ಲಂಡನ್ನಿನಲ್ಲಿದ್ದರೆ ಇನ್ನೊಂದು ತುದಿ ಇಲ್ಲೇ ಇದೆ.

ತಡೆದು ನಿಲ್ಲಿಸಬಹುದೇ? ಫಿಲಿಪ್ಪೀನ್ಸ್ ಪ್ರಯತ್ನಿಸಿತು. ಹೊರದೇಶಕ್ಕೆಂದೇ ದಾದಿಯರನ್ನು ತಯಾರು ಮಾಡುವ ದೇಶವದು. ಕೋವಿಡ್ ಕಾಲದಲ್ಲಿ ತನ್ನ ಆಸ್ಪತ್ರೆಗಳೇ ಬರಿದಾಗುವ ಭಯ ಬಂದು, 2020ರ ಕೊನೆಯಲ್ಲಿ, ವರ್ಷಕ್ಕೆ 5,000 ಮಂದಿ ಆರೋಗ್ಯ ಸಿಬ್ಬಂದಿ ಮಾತ್ರ ಹೊಸದಾಗಿ ಹೊರಹೋಗಬಹುದು ಎಂದು ಮಿತಿ ಹಾಕಿತು. 2021ರ ಫೆಬ್ರುವರಿಯಲ್ಲಿ ಅದೇ ದೇಶದ ಅಧಿಕಾರಿಗಳು ಬ್ರಿಟನ್, ಜರ್ಮನಿಗಳ ಮುಂದೆ ‘ಲಸಿಕೆ ಕೊಟ್ಟರೆ ಮಿತಿ ಸಡಿಲಿಸುತ್ತೇವೆ’ ಎಂಬ ಪ್ರಸ್ತಾಪವಿಟ್ಟರು. ಬಿಳಿ ಉಡುಪು ತೊಟ್ಟ ಹೆಣ್ಣುಮಕ್ಕಳನ್ನು ಲಸಿಕೆಗೆ ಅದಲುಬದಲು! ಮಿತಿ ಮುಂದೆ 6,500ಕ್ಕೆ ಏರಿತು. ಬಾಗಿಲಿಗೆ ಬೀಗ ಹಾಕುವವರ ಹಣೆಬರಹ ಸಾಮಾನ್ಯವಾಗಿ ಇಷ್ಟೇ.

ಕರೆಯುವವರಿಗೂ ಒಂದು ನೀತಿ ಬೇಡವೇ ಎಂದು ನೀವು ಕೇಳಬಹುದು. ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2010ರ ಮೇ ತಿಂಗಳಲ್ಲಿ ಒಂದು ನೀತಿ ಸಂಹಿತೆ ಒಪ್ಪಿದವು. ಸಿಬ್ಬಂದಿ ತೀರಾ ಕಡಿಮೆ ಇರುವ ದೇಶಗಳಿಗೆ ಹೋಗಿ ಬಲೆ ಬೀಸಬಾರದು ಎಂಬುದು ಅದರ ಸಾರಾಂಶ. ಕಡ್ಡಾಯವೇನಲ್ಲ. ಅಂಥ ದೇಶಗಳ ಪಟ್ಟಿ 2023ರಲ್ಲಿ ಹೊರಬಂದಾಗ ಅದರಲ್ಲಿ 55 ಹೆಸರುಗಳಿದ್ದವು; ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ ಇವೆ, ಭಾರತ ಇಲ್ಲ. ಏಕೆಂದರೆ ಪಟ್ಟಿ ಮಾಡುವಾಗ ನೋಡುವುದು ಇಡೀ ದೇಶದ ಸರಾಸರಿ. ಬೆಂಗಳೂರು, ಕೊಚ್ಚಿಗಳ ಆಸ್ಪತ್ರೆಗಳನ್ನೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಕೂಡಿಸಿ ಭಾಗಿಸಿದರೆ ಅಜ್ಜಂಪುರದ ಹೋಬಳಿಯ ಕೊರತೆ ಎಲ್ಲಿ ಕಾಣಬೇಕು? ಬ್ರಿಟನ್ ಮಾತ್ರ ಒಮ್ಮೆ ಸ್ವಲ್ಪ ಸೂಕ್ಷ್ಮವಾಗಿ ನೋಡಿತ್ತು. ತಾನು ನೆರವು ಕೊಡುತ್ತಿದ್ದ ಆಂಧ್ರಪ್ರದೇಶ, ಮಧ್ಯಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳ, ಈ ನಾಲ್ಕು ರಾಜ್ಯಗಳಿಂದ ಕರೆಸಿಕೊಳ್ಳಬಾರದು ಎಂದು ಪಟ್ಟಿ ಮಾಡಿಟ್ಟಿತ್ತು. ಕರ್ನಾಟಕ ಅದರಲ್ಲಿರಲಿಲ್ಲ.

ವೈದ್ಯರ ವಿಷಯ ಬೇರೆ; ಅಲ್ಲಿ ಓದುವುದಕ್ಕೇ ವಲಸೆ ಶುರುವಾಗುತ್ತದೆ. ಅಜ್ಜಂಪುರದಲ್ಲಿ ರೈಲು ಹತ್ತಿ ಚಿಕ್ಕಜಾಜೂರು, ದಾವಣಗೆರೆ, ಹರಿಹರ ದಾಟಿದರೆ ರಾಣೆಬೆನ್ನೂರು. ಆ ತಾಲ್ಲೂಕಿನ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಉಕ್ರೇನಿನ ಹಾರ್ಕಿವ್‌ನಲ್ಲಿ ನಾಲ್ಕನೆಯ ವರ್ಷದ ವೈದ್ಯ ವಿದ್ಯಾರ್ಥಿ. 2022ರ ಮಾರ್ಚ್ 1ರಂದು ಊಟದ ಸಾಮಾನು ತರಲು ಹೊರಗೆ ಹೋದಾಗ ಶೆಲ್ ದಾಳಿಗೆ ಬಲಿಯಾದರು. ಮೂರು ವಾರದ ಮೇಲೆ ದೇಹ ಊರಿಗೆ ಬಂತು. ವೈದ್ಯನಾಗಬೇಕಿದ್ದ ಮಗನ ದೇಹವನ್ನು ತಂದೆತಾಯಿ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ, ವಿದ್ಯಾರ್ಥಿಗಳ ಕಲಿಕೆಗೆಂದು, ದಾನ ಮಾಡಿದರು. ಅದೊಂದು ವಾಕ್ಯ ಬರೆದು ಮುಂದೆ ಹೋಗುವುದು ಕಷ್ಟ. ಪಿ.ಯು.ಸಿ.ಯಲ್ಲಿ ಅತ್ಯುತ್ತಮ ಅಂಕ ಪಡೆದರೂ ಇಲ್ಲಿ ಸರ್ಕಾರಿ ಸೀಟು ಸಿಗದು, ಖಾಸಗಿ ಸೀಟಿಗೆ ಹಣ ಇರದು. ಇಂಥವರೇ ಹೊರದೇಶಕ್ಕೆ ಹೋಗುವವರು. ಅಲ್ಲಿ ಓದಿ ಬಂದವರು ಇಲ್ಲಿ ವೃತ್ತಿ ನಡೆಸಬೇಕಾದರೆ 2002ರಿಂದ ಒಂದು ಅರ್ಹತಾ ಪರೀಕ್ಷೆ ಇದೆ. ಹೆಚ್ಚಿನ ಬಾರಿ ಕುಳಿತವರಲ್ಲಿ ಮೂರನೆಯ ಒಂದು ಭಾಗವೂ ತೇರ್ಗಡೆಯಾಗಿಲ್ಲ. ಚಿಕ್ಕಮಗಳೂರಿನಲ್ಲಿ, ಹಾವೇರಿಯಲ್ಲಿ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು ಈ ದೃಷ್ಟಿಯಿಂದ ಒಳ್ಳೆಯ ಸುದ್ದಿ. ಓದುವುದಕ್ಕೆ ಗಡಿ ದಾಟುವ ಅಗತ್ಯ ಒಂದಿಷ್ಟಾದರೂ ತಗ್ಗಲಿ.

ವಲಸೆಯ ಇನ್ನೊಂದು ಮುಖ ನಮ್ಮ ಬೀದಿಗಳಲ್ಲೇ ಕಾಣುತ್ತದೆ. ಮಕ್ಕಳಿಬ್ಬರೂ ಹೊರದೇಶದಲ್ಲಿ, ದೊಡ್ಡ ಮನೆಯಲ್ಲಿ ಎಪ್ಪತ್ತು ದಾಟಿದ ಅಪ್ಪ ಅಮ್ಮ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಮಗಳು ಅಲ್ಲಿ ಯಾರದೋ ತಾಯಿಗೆ ಇನ್ಸುಲಿನ್ ಚುಚ್ಚುತ್ತಿರುತ್ತಾಳೆ, ಇಲ್ಲಿ ತಾಯಿಗೆ ಚುಚ್ಚಲು ಪಕ್ಕದ ಬೀದಿಯ ಔಷಧಿ ಅಂಗಡಿಯ ಹುಡುಗ ಬರಬೇಕು. ಹಣ ತಿಂಗಳು ತಿಂಗಳು ಬರುತ್ತದೆ. ಅದನ್ನು ಹಿಡಿದು ಹೋದರೂ ‘ಹೋಮ್ ನರ್ಸ್’ ಸಿಗದ ಊರುಗಳಿವೆ. ಕರಾವಳಿಯಿಂದ ಎಷ್ಟೋ ಮಂದಿ ಇಸ್ರೇಲಿಗೆ ಹೋಗಿ ಮನೆಗಳಲ್ಲಿ ವೃದ್ಧರನ್ನು ನೋಡಿಕೊಳ್ಳುತ್ತಿದ್ದಾರೆ ಎಂಬುದು 2023ರ ಅಕ್ಟೋಬರಿನಲ್ಲಿ ಅಲ್ಲಿ ಯುದ್ಧ ಶುರುವಾದಾಗ ನಮ್ಮ ಪತ್ರಿಕೆಗಳಿಂದ ಎಲ್ಲರಿಗೂ ತಿಳಿಯಿತು.

ಇನ್ನು, ಕಳಿಸಲೇಬೇಕೆಂದು ನಿರ್ಧರಿಸಿರುವ ಪಾಲಕರ ವಿಷಯ. ಕಳಿಸಿ, ಆದರೆ ಸಾಲದ ಲೆಕ್ಕ ಮೊದಲು ಹಾಕಿ. ಇರಾಕಿನ ತಿಕ್ರಿತ್‌ನಲ್ಲಿ 2014ರಲ್ಲಿ ಯುದ್ಧದ ನಡುವೆ ಸಿಲುಕಿದ 46 ಭಾರತೀಯ ದಾದಿಯರನ್ನು ಜುಲೈನಲ್ಲಿ ಬಿಡಿಸಿ ತಂದರು. ಅವರಲ್ಲಿ ಹಲವರು ಗುಂಡಿನ ಸದ್ದು ಕೇಳಿದ ಮೇಲೂ ಹೊರಡಲು ಹಿಂಜರಿದಿದ್ದರು. ಓದಿಗೆ, ಏಜೆಂಟರಿಗೆ ಎಂದು ಮಾಡಿದ್ದ ಸಾಲ ತೀರಿರಲಿಲ್ಲ. ಮರುವರ್ಷ ಕುವೈತ್‌ನ ನೇಮಕಾತಿಯ ಹಗರಣ ಹೊರಬಂತು. ನಿಯಮದಂತೆ 19,500 ರೂಪಾಯಿ ಪಡೆಯಬೇಕಿದ್ದ ಏಜೆಂಟರು ತಲೆಗೆ 19 ಲಕ್ಷದ 50 ಸಾವಿರ ಪಡೆದರು ಎಂಬುದು ಸಿ.ಬಿ.ಐ. ಹೊರಿಸಿದ ಆರೋಪ. ಅದರ ಮೇಲೆ ಕೇಂದ್ರ ಸರ್ಕಾರ 2015ರಲ್ಲಿ ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ದಾದಿಯರ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ಆದೇಶಿಸಿತು. ಕೇರಳದಲ್ಲಿ ನೋರ್ಕಾ ಎಂಬ ಸಂಸ್ಥೆ ಈ ಕೆಲಸ ನೋಡುತ್ತದೆ. ನಮ್ಮಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ನೋಂದಾಯಿತ ಏಜೆಂಟ್ ಕೂಡ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಐದು ಲಕ್ಷ, ಎಂಟು ಲಕ್ಷ ಎಂದು ಕೇಳುವವನು ನಿಮ್ಮ ನೆಂಟನೇ ಆಗಿದ್ದರೂ ಎದ್ದು ಬನ್ನಿ. ಅಸಲು ಪ್ರಮಾಣಪತ್ರಗಳನ್ನು ಯಾರ ಕೈಗೂ ಒತ್ತೆ ಇಡಬೇಡಿ.

ಬಾಗಿಲು ಸದಾ ತೆರೆದಿರುತ್ತದೆಂದೂ ತಿಳಿಯಬೇಡಿ. ಬ್ರಿಟನ್ ಕೋವಿಡ್ ನಂತರ ವೃದ್ಧರ ಆರೈಕೆಗೆ ಹೊರದೇಶದವರನ್ನು ಸಾವಿರಗಟ್ಟಲೆ ಕರೆಸಿಕೊಂಡಿತು. 2025ರ ಜುಲೈನಲ್ಲಿ ಅದೇ ಕೆಲಸದ ವೀಸಾಕ್ಕೆ ಹೊರದೇಶದಿಂದ ಹೊಸದಾಗಿ ಅರ್ಜಿ ಹಾಕುವಂತಿಲ್ಲ ಎಂದಿತು. ಇಂದು ಪಿ.ಯು. ಮುಗಿಸಿದ ಹುಡುಗಿ ನಾಲ್ಕು ವರ್ಷದ ಓದು, ಎರಡು ವರ್ಷದ ಅನುಭವ ಮುಗಿಸುವ ಹೊತ್ತಿಗೆ ಯಾವ ಬಾಗಿಲು ತೆರೆದಿರುತ್ತದೋ ಇಂದು ಹೇಳುವವರಿಲ್ಲ. ಆದುದರಿಂದ ‘ಫಾರಿನ್’ ಎಂಬ ಒಂದೇ ಕಾರಣಕ್ಕೆ ನರ್ಸಿಂಗ್‌ಗೆ ಸೇರಿಸಬೇಡಿ. ಗಾಯ ತೊಳೆಯಲು, ರೋಗಿಯ ಬೈಗುಳ ಕೇಳಲು, ರಾತ್ರಿ ಎಚ್ಚರವಿರಲು ಮಗಳಿಗೆ ಮನಸ್ಸಿದೆಯೇ ಎಂದು ಅವಳನ್ನೇ ಕೇಳಿ. ಮಗನನ್ನೂ ಕೇಳಬಹುದು, ಗಂಡುಮಕ್ಕಳು ಈ ಓದಿಗೆ ಬರುವುದು ಈಗ ಹೊಸತೇನಲ್ಲ.

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಭಾಷಾ ಪರೀಕ್ಷೆಗೆ ಹೆದರುವುದುಂಟು. ಬ್ರಿಟನ್ನಿಗೆ ಹೋಗಲು ಆ ಪರೀಕ್ಷೆ ದಾಟಲೇಬೇಕು, ಅಭ್ಯಾಸಕ್ಕೆ ಒಂದೆರಡು ವರ್ಷ ಮೊದಲೇ ಕೂರಬೇಕು. ಜರ್ಮನಿಗೆ ಹೋಗುವುದಾದರೆ ಇಂಗ್ಲಿಷ್ ಅಲ್ಲ, ಜರ್ಮನ್ ಬೇಕು. ಅಲ್ಲಿ ನೋಂದಣಿಯಾಗಲು ಆ ಭಾಷೆಯನ್ನು ರೋಗಿಯೊಡನೆ ಸರಾಗವಾಗಿ ಮಾತಾಡುವ ಮಟ್ಟಕ್ಕೆ ಕಲಿತಿರಬೇಕು. ಅದನ್ನು ಕಲಿಸುವ ತರಗತಿಯಲ್ಲಿ ಬೆಂಗಳೂರಿನ ಕಾನ್ವೆಂಟಿನ ಹುಡುಗಿಯೂ ಅಜ್ಜಂಪುರದ ಸರ್ಕಾರಿ ಶಾಲೆಯ ಹುಡುಗಿಯೂ ಮೊದಲ ದಿನ ಒಂದೇ ಬೆಂಚಿನಲ್ಲಿ ಕುಳಿತು ‘ಆ, ಬೇ, ತ್ಸೇ’ ಎಂದೇ ಶುರುಮಾಡುತ್ತಾರೆ.